ಸಡಿಲ ಮಣ್ಣು

ಬಾರ್ಲಿ ಕೊಯ್ದ ಮೇಲೆ, ಉಳುವ ಮೊದಲು
ನಮಗೆ ಸಿಗುವುದು ಒಂಬತ್ತೇ ದಿನ.
ಲಿಂಕನ್‌ಶೈರಿನ ಗಾಳಿಗೆ ಹಲ್ಲಿದೆ ಎನ್ನುತ್ತ
ಆಂಬ್ರೋಸ್ ಕಿವಿಗೆ ಹೆಡ್‌ಫೋನು ಏರಿಸಿದ,
ನಾನು ಕೂಳೆ ತುಳಿಯುತ್ತ ಎಡದ ಸಾಲು ಹಿಡಿದೆ.

ಬೆಳಗಿನ ಗಳಿಕೆ ಹೇಳಿಬಿಡುತ್ತೇನೆ:
ಬಿಯರ್ ಡಬ್ಬಿಯ ಕಿವಿ ಏಳು,
ಕಾಡತೂಸಿನ ಹಿತ್ತಾಳೆ ಟೊಪ್ಪಿಗೆ,
ಯಾವುದೋ ಟ್ರ್ಯಾಕ್ಟರು ಉಗುಳಿದ ನಟ್ಟು,
ಮತ್ತೆ ಒಂದು ಗುಂಡಿ. ಕೋಟು ಮಣ್ಣಾಗಿ
ಇನ್ನೂರು ವರ್ಷವಾದರೂ ಹೊಳೆಯುವ ಹಟದ್ದು.
ಆಂಬ್ರೋಸ್ ಎಂಜಲು ಹಚ್ಚಿ ಉಜ್ಜಿ
ತನ್ನ ಸ್ವೆಟರಿಗೆ ಹಿಡಿದು ನೋಡಿದ:
"ಒಂದು ಕಡಿಮೆಯಿತ್ತು."

ಯಂತ್ರಕ್ಕೆ ಗೊತ್ತಿರುವುದು ಮೂರೇ ಮಾತು.
ಕಬ್ಬಿಣಕ್ಕೆ ಗೊರಕೆ.
ಸೀಸಕ್ಕೆ, ಹಿತ್ತಾಳೆಗೆ ನಡುಗಂಟಲು.
ಬೆಳ್ಳಿಗೆ ಮಾತ್ರ ಸಿಳ್ಳೆ, ಸೂಜಿಯಷ್ಟು ಸಣ್ಣಗೆ.
ನಲವತ್ತು ವರ್ಷ ಸಕ್ಕರೆ ಕಾರ್ಖಾನೆಯ
ಬಾಯ್ಲರ್ ಪಕ್ಕ ನಿಂತ ಕಿವಿಯನ್ನು
ಅದೇ ಮೊದಲು ಬಿಟ್ಟುಹೋಗುತ್ತದಂತೆ.
ಇದನ್ನು ಅವನು ಹೇಳಿದ್ದಲ್ಲ.
ಹಕ್ಕಿ ಹಾಡಿದಾಗ ಅವನು ತಲೆ ಎತ್ತದ್ದನ್ನು
ಹೋದ ವರ್ಷದಿಂದ ನೋಡುತ್ತಿದ್ದೇನೆ.

ಹನ್ನೊಂದೂವರೆಗೆ, ಓಕ್ ಮರದ ನೆರಳು ಮುಗಿಯುವಲ್ಲಿ,
ಅವನು ದಾಟಿಹೋದ ಜಾಗದಲ್ಲಿ ನನ್ನದು ಸಿಳ್ಳೆ ಹಾಕಿತು.
ಅವನ ಬೂಟಿನ ಅಚ್ಚು ಇನ್ನೂ ಅಲ್ಲೇ ಇತ್ತು.
ಗೇಣಾಳ ಅಗೆದೆ. ಹೆಂಟೆ ಒಡೆದೆ.
ಉಗುರಿಗಿಂತ ದಪ್ಪವಿಲ್ಲದ ಪೆನ್ನಿ, ಅರ್ಧವೇ.
ಮುರಿದದ್ದಲ್ಲ, ಕತ್ತರಿಸಿದ್ದು:
ಚಿಲ್ಲರೆಯಿಲ್ಲದ ಕಾಲದಲ್ಲಿ ಶಿಲುಬೆಯ ಗೆರೆಗುಂಟ
ಯಾರೋ ಯಾರಿಗೋ ಸರಿಯಾಗಿ ಅರ್ಧ ಕೊಟ್ಟದ್ದು.
ದೊರೆಗೆ ಒಂದೇ ಕಣ್ಣು ಉಳಿದಿತ್ತು.

ಕೂಗಬೇಕಿತ್ತು. ಕೂಗಿದರೆ ಕೇಳುತ್ತದೆ,
ಕೂಗು ದಪ್ಪನೆಯದು.
ಕೂಗದೆ, ಅದನ್ನು ಇದ್ದ ಹಾಗೇ ಮಲಗಿಸಿ
ಹೆಂಟೆ ಮುಚ್ಚಿ, ಬೂಟಿನಿಂದ ತಟ್ಟಿ,
ಕೂಳೆಯ ನಾಲ್ಕು ಕಡ್ಡಿ ನೆಟ್ಟು,
ಅರವತ್ತು ದಾಟಿದ ನಾನು
ಕಳ್ಳನ ಕೆಲಸವನ್ನು ಉಲ್ಟಾ ಮಾಡಿದೆ.

ಚಹಾ ಕುಡಿದೆವು. ಅವನ ಫ್ಲಾಸ್ಕಿನ ಚಹಾಕ್ಕೆ
ಯಾವತ್ತೂ ಸೂಪಿನ ವಾಸನೆ.
"ಓಕ್ ಕಡೆ ಇನ್ನೊಮ್ಮೆ ಬೀಸಿ ನೋಡು," ಎಂದೆ,
"ಮಣ್ಣು ಯಾಕೋ ಕಪ್ಪಗಿದೆ, ಮನೆಯಿದ್ದಿರಬೇಕು."
ಬೀಸಿದ. ದಾಟಿದ.
ತಿರುಗಿ ಬೀಸಿದ. ದಾಟಿದ.
ನನ್ನ ಯಂತ್ರ ಆರಿಸಿಟ್ಟಿದ್ದೆ;
ಸಿಳ್ಳೆ ಕೇಳುತ್ತಲೇ ಇತ್ತು.

ಕೊನೆಗೆ ನಿಂತ. ಯಂತ್ರ ಕೆಳಗಿಟ್ಟ.
ಮೊಣಕಾಲೂರಿ ಬರಿಗೈಯಲ್ಲಿ ನೆಲ ಒತ್ತಿದ,
ಬ್ರೆಡ್ಡು ಬೆಂದಿದೆಯೇ ನೋಡುವವರ ಹಾಗೆ.
"ಸಡಿಲವಾಗಿದೆ," ಎಂದ.
ನಾನು ದೂರದ ಚರ್ಚಿನ ಗೋಪುರ ನೋಡಿದೆ.
"ಮೊಲ ತೋಡಿರಬೇಕು."
"ಹೂಂ. ಮೊಲಕ್ಕೆ ಕಿವಿ ಚುರುಕು."

ಅಗೆದ. ತೆಗೆದ. ಒಕ್ಕಣ್ಣ ದೊರೆಯನ್ನು
ತಾನೂ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
ಕರಾರಿನಂತೆ ಅರ್ಧ ಪಾಲು ಹೊಲದೊಡತಿ ಮಿಸೆಸ್ ಥರ್ಕೆಲ್‌ಗೆ;
ಅರ್ಧದ ಅರ್ಧದಲ್ಲಿ ನಮ್ಮಿಬ್ಬರಿಗೆ ತಲಾ ಎಷ್ಟೆಂದು
ಗೇಟಿನವರೆಗೂ ಲೆಕ್ಕ ಹಾಕುತ್ತ ಬಂದೆವು, ಹೊಂದಲಿಲ್ಲ.

ಗೇಟಿಗೆ ಕೊಂಡಿ ಹಾಕುವಾಗ ಹಿಂದೆ, ಎತ್ತರದಲ್ಲಿ
ಬಾನಾಡಿಯೊಂದು ಶುರುಮಾಡಿತು.
"ಹಾಡುತ್ತಿದೆಯಾ?" ಎಂದ, ನನ್ನ ಮುಖ ನೋಡಿ.
ಹೂಂ ಎಂದೆ.
"ಎಲ್ಲಿ?"
ಬೆರಳು ತೋರಿಸಿದೆ.
ಇಬ್ಬರಿಗೂ ಕಾಣಲಿಲ್ಲ.