ಐವತ್ತೆಂಟು ಕಿಲೋ

ಕುಮಾಸಿಯ ಸಂತೆಯಲ್ಲಿ ನನ್ನ ಚಿಕ್ಕಮ್ಮ ಸೆವಾ
ಅಲಸಂದೆ ಅಳೆಯುತ್ತಾಳೆ, ತಗಡಿನ ಡಬ್ಬಿಯಲ್ಲಿ.
ಒಲೊಂಕಾ ಅನ್ನುತ್ತೇವೆ ಅದಕ್ಕೆ.
ಎದುರು ಸಾಲಿನ ಒಲೊಂಕಾಗಳ ಬುಡ ಒಳಕ್ಕೆ ಉಬ್ಬಿದೆ:
ಸುತ್ತಿಗೆಯ ಒಂದು ಮೆಲ್ಲನೆ ಏಟು, ಅಷ್ಟೇ,
ಒಂದು ಹಿಡಿ ಕಾಳು ದಿನಕ್ಕೆ ಇನ್ನೂರು ಸಲ ಉಳಿಯುತ್ತದೆ.
ನಾಲ್ಕು ವರ್ಷದ ಬಿಸಿನೆಸ್ ಪದವಿಯಲ್ಲಿ
ಲಾಭದ ಪಾಠವನ್ನು ಇಷ್ಟು ಬಿಡಿಸಿ
ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನನ್ನ ಫೋನಿನಲ್ಲಿ ಮೂರು ಕೆಲಸ.
ಶುಕ್ರವಾರದೊಳಗೆ ಯಾವುದಕ್ಕಾದರೂ ಹೂಂ ಅನ್ನಬೇಕು.

ಬ್ಯಾಂಕಿನದು ನೀಲಿ ಕೋಟು, ಕೊರಳಿಗೆ ಹೆಸರಿನ ಪಟ್ಟಿ.
ಪಟ್ಟಿ ಬ್ಯಾಂಕಿನದು, ನಾನು ಬ್ಯಾಂಕಿನವಳಲ್ಲ,
ಬ್ಯಾಂಕಿಗೆ ಆಳು ಒದಗಿಸುವ ಏಜೆನ್ಸಿಯವಳು.
ತಿಂಗಳಿಗಿಷ್ಟು ಠೇವಣಿ ತರಬೇಕು, ತಾರದಿದ್ದರೆ ಕೋಟು ವಾಪಸು.
ಹೋದ ವರ್ಷ ಸೇರಿದ ಬಾಚ್ವೇ
ಮೊದಲ ತಿಂಗಳು ಅವ್ವನ ಹಣ ತಂದ,
ಎರಡನೇ ತಿಂಗಳು ಅವ್ವನ ಚರ್ಚಿನವರದ್ದು.
ಮೂರನೇ ತಿಂಗಳು ನನಗೆ ಫೋನು:
"ಪೊಕುವಾ, ನಿನ್ನ ಚಿಕ್ಕಮ್ಮ ದುಡ್ಡು ಎಲ್ಲಿಡ್ತಾರೆ?"

ಅಕ್ರಾದಲ್ಲಿ ಸೌರದೀಪ ಮಾರುವ ಹೊಸ ಕಂಪನಿ.
ಸಂದರ್ಶನದಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ,
ಸಂಬಳ ಕೇಳಿ ಇನ್ನೊಂದು ಸಲ ನಕ್ಕೆ.
ಆದರೆ ಅಲ್ಲಿ ಒಂದು ಕೋಣೆಗೆ
ಎರಡು ವರ್ಷದ ಬಾಡಿಗೆ ಮುಂಗಡ.
ಎಕ್ಸೆಲ್ಲಿನಲ್ಲೇ ಲೆಕ್ಕ ಹಾಕಿದೆ, ಹಸಿರು ಬಣ್ಣ ತುಂಬಿ:
ಹದಿನಾಲ್ಕು ತಿಂಗಳು ದುಡಿದರೆ, ಊಟ ಬಿಟ್ಟರೆ,
ಆ ಕೆಲಸಕ್ಕೆ ಸೇರುವಷ್ಟು ಹಣ
ಆ ಕೆಲಸದಿಂದ ಸಿಗುತ್ತದೆ.

ಇನ್ನೊಂದರ ಹೆಸರೆತ್ತಿದರೆ ಗೆಳತಿಯರು ಮುಖ ಹಿಂಡುತ್ತಾರೆ.
ಸೆಫ್ವಿ ಕಡೆ, ಡಾಂಬರು ಮುಗಿದು
ಕೆಂಪು ಮಣ್ಣೂ ಮುಗಿಯುವಲ್ಲಿ, ಕೋಕೋ ಖರೀದಿಯ ಗೋದಾಮು.
ಒಂದು ಬೈಕು, ಒಂದು ಕೋಣೆ, ಒಂದು ತೂಕದ ಯಂತ್ರ.
ರೈತರ ಮೂಟೆ ತೂಗಿ ಚೀಟಿ ಬರೆಯಬೇಕು.
"ಸಂಬಳ ಸಣ್ಣದು. ಆದರೆ ಮೂಟೆ ಮೇಲೆ ಅಷ್ಟಿಷ್ಟು ಉಳಿಯುತ್ತೆ"
ಅಂದರು ಮೇಲ್ವಿಚಾರಕರು, ಕನ್ನಡಕ ಒರೆಸುತ್ತ.
ಎಲ್ಲಿಂದ ಉಳಿಯುತ್ತೆ ಅಂತ ನಾನು ಕೇಳಲಿಲ್ಲ.
ಆ ಕೇಳದ ಮಾತು ಎರಡು ರಾತ್ರಿಯಿಂದ
ನನ್ನ ಪಕ್ಕದಲ್ಲೇ ಮಲಗಿ ಮಗ್ಗುಲು ಬದಲಿಸುತ್ತಿದೆ.

ಅಲಸಂದೆ ಅಂಗಡಿಯಲ್ಲೇ ಕೂರಬಹುದಿತ್ತು.
ಅದಕ್ಕೆ ಪತ್ರ ಬಂದಿಲ್ಲ, ಬರುವುದೂ ಇಲ್ಲ.
"ಕಾಳು ಮಾರಿ ಫೀಸು ಕಟ್ಟಿದ್ದು
ಕಾಳು ಮಾರೋದಕ್ಕಾ?" ಅಂತ ಒಮ್ಮೆ ಅಂದಿದ್ದಳು,
ಬೈದಳೋ ಬೇಡಿದಳೋ ತಿಳಿಯದ ಹಾಗೆ.

ಬುಧವಾರ ಸಂಜೆ. ಉತ್ತರದ ಒಣಗಾಳಿಗೆ ಬಾಯೆಲ್ಲ ಧೂಳು.
ಗಿರಾಕಿಯೊಬ್ಬಳು ಚೀಲ ಅಗಲಿಸಿಕೊಂಡು ನಿಂತಳು, ಕೊಸರಿಗೆ.
ಕೈ ಮೊದಲು ಹಾಕಿತು, ತುಂಬು ಹಿಡಿ.
ಎಷ್ಟು ನಷ್ಟ ಅಂತ ತಲೆ ಆಮೇಲೆ ಲೆಕ್ಕ ಹಾಕಿತು.
ಚಿಕ್ಕಮ್ಮ ನೋಡಿದಳು. ಡಬ್ಬಿಗಳನ್ನು
ಒಂದರೊಳಗೊಂದು ಇಡುತ್ತ, ಡಬ್ಬಿಗಳಿಗೇ ಹೇಳುವಂತೆ:
"ಆ ಕೋಕೋ ಊರಿಗೆ ಹೋಗಿ ನೋಡು.
ಹೋದ ಕೂಡಲೆ ಪೆಟ್ಟಿಗೆ ಬಿಚ್ಚಬೇಡ.
ಅವರ ಯಂತ್ರದ ಮೇಲೆ ಮೊದಲು ನೀನು ಹತ್ತಿ ನಿಲ್ಲು.
ಇಲ್ಲಿಗಿಂತ ಅಲ್ಲಿ ಕಮ್ಮಿ ತೂಗಿದರೆ
ರಿಪೇರಿ ಮಾಡಿಸು, ಇಲ್ಲಾ ವಾಪಸು ಬಾ.
ಎರಡಕ್ಕೂ ಖರ್ಚು ನನ್ನದು."

ಔಷಧದ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಹತ್ತಿದೆ.
ಮುಳ್ಳು ಒಂದಿಷ್ಟು ನಡುಗಿ ನಿಂತಿತು. ಐವತ್ತೆಂಟು.
ಇಳಿದು ಮತ್ತೆ ಹತ್ತಿದೆ. ಐವತ್ತೆಂಟೇ.
ಅಂಗೈ ಮೇಲೆ ಬರೆದುಕೊಳ್ಳಲು ಪೆನ್ನು ಕೇಳಿದೆ.
"ಡಯಟ್ಟಾ ಅಕ್ಕಾ?" ಅಂದ ಹುಡುಗ.
ಅಲ್ಲ, ಅಂದೆ,
ಕೆಲಸಕ್ಕೆ.