ಹದಿನೇಳನೇ ಫ್ಯಾನು

ಊರಾಗ ಇದಕ್ಕ ಫ್ಯಾನು ಅಂತಾರ.
ಕೊಲ್ಹಾರದ ಬಸ್ ಸ್ಟ್ಯಾಂಡಿನಾಗ
ಮೊಸರಿನ ಗಡಿಗಿ ಮುಂದಿಟಗೊಂಡು ಕೂತ ಹುಸೇನಬಿ
ಮೊದಲ ದಿನಾನ ಕೇಳಿದಳು:
"ಯವ್ವಾ, ನಿಮ್ಮ ಫ್ಯಾನು ಮಳಿ ಮೋಡಾನ
ಆಚಿ ಸೀಮಿಗೆ ಊದತಾವಂತ, ಖರೇನ?"

ಊದೂದಲ್ಲ ಆಯೀ, ಉಣ್ಣೂದು.
ಮನಿ ಫ್ಯಾನು ಕರೆಂಟು ಉಂಡು ಗಾಳಿ ಕೊಡತೈತಿ,
ಇದು ಗಾಳಿ ಉಂಡು ಕರೆಂಟು ಕೊಡತೈತಿ.
ಆಕಿ ಗಡಿಗಿ ಬೋರಲು ಹಾಕಿ ತೋರಿಸಿದಳು,
ಮೊಸರು ಅಳ್ಳಾಡಲಿಲ್ಲ.
"ಇದು ಖರೇ. ನಿಂದು ಗೊತ್ತಿಲ್ಲ."

ನಂದು ರಾತ್ರಿ ಪಾಳಿ.
ಗುಡ್ಡದ ಕೆಳಗ ತಗಡಿನ ಕೋಣಿ, ಮೂರು ಸ್ಕ್ರೀನು,
ಇಪ್ಪತ್ತೆರಡು ಹಸಿರು ಚುಕ್ಕಿ, ಹಲ್ಲಿ ಒಂದು.
ಸೆಕೆಂಡಿಗೆ ಮೂರು ಮೀಟರ್ ಗಾಳಿ ಬಿಟ್ಟರ
ಒಂದೊಂದಾಗಿ ಎಚ್ಚರಾಗತಾವ.
ನೆತ್ತಿ ಮ್ಯಾಲಿನ ಸಣ್ಣ ಬಾಲ ದಿಕ್ಕು ಹೇಳತೈತಿ,
ಎಪ್ಪತ್ತು ಟನ್ನಿನ ತಲಿ ನಿಧಾನಕ ಹೊಳ್ಳತೈತಿ
ಮದುವಿ ಮನ್ಯಾಗ ಯಾರೋ ಹೆಸರು ಹಿಡದು ಕರದಾಗ
ಹಿರೇ ಮನಷ್ಯಾ ಹೊಳ್ಳಿದಂಗ.
ಹೊರಗ ರೆಕ್ಕಿ ಒಂದು ಸುತ್ತು ಬಂದರ
ಒಳಗ ಗೇರ್ ಬಾಕ್ಸಿನಾಗ ಅದು ನೂರಾಗತೈತಿ,
ಓಣ್ಯಾಗ ಬಿಟ್ಟ ಚಾಡಿಮಾತು.

ಗಾಳಿ ಇಲ್ಲದ ದಿನ ಅದೂ ಕರೆಂಟು ಇಸಕೊಳ್ಳತೈತಿ,
ಕಂಪ್ಯೂಟರ್ ಎಚ್ಚರ ಇರಾಕ, ನೆತ್ತಿಯ ಕೆಂಪು ದೀಪ ಉರಿಯಾಕ.
ಇದು ಯಾರಿಗೂ ಗೊತ್ತಿಲ್ಲ.
ಮೀಟರಿಗೆ ಗೊತ್ತು. ಕೊಟ್ಟದ್ದು ಒಂದು ಸಾಲು,
ಇಸಕೊಂಡದ್ದು ಒಂದು ಸಾಲು.

ಮ್ಯಾಲ ಹತ್ತಾವ ದಾವಲಸಾಬ ಮುಲ್ಲಾ.
ಐವತ್ನಾಕು ವರ್ಷ, ಎಂಬತ್ತು ಮೀಟರ್ ಏಣಿ,
ಸೊಂಟಕ್ಕ ಹುಕ್ಕು, ಸ್ಪ್ಯಾನರಿಗೂ ಒಂದು ಹಗ್ಗ.
ಟ್ರೇನಿಂಗಿನಾಗ ನನ್ನೂ ಒಮ್ಮೆ ಹತ್ತಿಸಿದ.
ಬೋಲ್ಟಿಗೆ ಎಳದ ಕೆಂಪು ಗೆರಿ ತೋರಿಸಿ
"ಗೆರಿ ಮುರದಿದ್ದರ ಬೋಲ್ಟು ಸಡಲ ಆಗೇತಿ ಅಂತ ತಿಳಿ" ಅಂದ.
ಆಮ್ಯಾಲ ಮ್ಯಾಲಿನ ಬಾಗಲಾ ತಗದ.
ಮೇ ತಿಂಗಳು. ಕೃಷ್ಣಿ ಹಿಂದ ಸರದಿದ್ದಳು,
ಕೆಸರಿನಾಗ ಗ್ವಾಡಿಗಳ ಬುಡ ಚೌಕ ಚೌಕ ಎದ್ದಿದ್ದವು.
ಸ್ಪ್ಯಾನರಲೆ ಒಂದು ಕಡೆ ತೋರಿಸಿದ:
"ಅದು ನಮ್ಮ ಕಣ. ಅಲ್ಲಿ ಅಪ್ಪ
ಗಾಳಿ ಬರಲಿ ಅಂತ ಬುಟ್ಟಿ ಎತ್ತಿ ಹಿಡದು
ತಾಸುಗಟ್ಲೆ ನಿಂತಿರತಿದ್ದ."
ಮತ್ತ ಗ್ರೀಸ್ ಡಬ್ಬಿ ಕೇಳಿದ.

ಆಷಾಢದ ಆ ರಾತ್ರಿ
ಇಪ್ಪತ್ತೆರಡೂ ಹೊಟ್ಟಿ ತುಂಬ ಉಣ್ಣಾಕತ್ತಿದ್ದವು.
ತಗಡು ನಡಗತಿತ್ತು, ಹಲ್ಲಿ ಟ್ಯೂಬಲೈಟಿನ ಹಿಂದ ಹೋಗಿತ್ತು.
ಒಂದೂ ನಲವತ್ತಕ್ಕ ಫೋನು:
"ಎಂಟು ನಿಲ್ಲಸ್ರಿ. ಎಲ್ಲಾ ಕಡೆ ಮಳಿ, ಪಂಪಸೆಟ್ಟು ಮಲಗ್ಯಾವ,
ಬೇಡಾವರಿಲ್ಲ."
ಗಾಳಿ ಬಂದಾಗ ತೂರಿಕೋ ಅಂತಾರ.
ನನಗ ಗಾಳಿ ಬಂದಾಗ ನಿಲ್ಲಸು ಅಂದರು.
ಒತ್ತಿದೆ.
ರೆಕ್ಕಿ ತಮ್ಮ ಅಗಲ ಬಿಟ್ಟುಕೊಟ್ಟು
ಸಂದ್ಯಾಗ ಎದುರು ಬಂದವರಿಗೆ ಮಗ್ಗಲಾಗಿ ನಿಂತಂಗ ನಿಂತವು.
ಗಾಳಿ ದಾಟಿ ಹೋತು.
ರಜಿಸ್ಟರಿನಾಗ ಬರದೆ: ವ್ಯಾಳ್ಯಾ, ನಂಬರು,
ಕಾರಣ: ಮ್ಯಾಲಿನ ಆದೇಶ.
ದಾಟಿ ಹೋದದ್ದಕ್ಕ ಅಂಕಣ ಇಲ್ಲ.

ನಿಂತ ಎಂಟರಾಗ ಹದಿನೇಳೂ ಇತ್ತು.
ನಸುಕಿನಾಗ ಸ್ಕ್ರೀನಿನ ಮ್ಯಾಲ ಅದರ ಚುಕ್ಕಿ ಹಳದಿ ಆತು:
ಕೇಬಲ್ ಬಿಚ್ಚುತ್ತಿದೆ.
ತಿಂಗಳಗಟ್ಲೆ ಗಾಳಿ ಬೆನ್ನು ಹತ್ತಿ
ಒಂದ ಕಡೆ ಹೊಳ್ಳಿ ಹೊಳ್ಳಿ
ಕಂಬದೊಳಗಿನ ಕೇಬಲ್ಲು ಹೆರಳಾಗಿರತಾವ.
ಅದಕ್ಕ ಎಣಿಕಿ ಗೊತ್ತೈತಿ. ಮೂರು ಸುತ್ತಾದರ
ಯಾರೂ ಹೇಳದ, ರೆಕ್ಕಿ ತಿರುವದ,
ಬರೇ ತಲಿ ಹಿಂದಕ್ಕ
ಒಂದು ಸುತ್ತು,
ಎರಡು,
ಹೊಳಿ ಕಡೆ, ಊರ ಕಡೆ, ಮತ್ತ ಹೊಳಿ ಕಡೆ,
ಮೂರು.

ಪಾಳಿ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ.
ಹುಸೇನಬಿ ಗಡಿಗಿ ಮ್ಯಾಲಿನ ಅರಿವಿ ತಗೀತಿದ್ದಳು.
"ಬೆಳಕು ಹರಿಯೂ ಮುಂದ ನೋಡಿದೆ ಯವ್ವಾ,
ನಿಮ್ಮ ಒಂದು ಫ್ಯಾನು ಸುತ್ತಲೂ ನೋಡಾಕತ್ತಿತ್ತು.
ಯಾರನ್ನ ಹುಡುಕತಿತ್ತು?"

ಹೇಳಬೇಕು ಅಂದೆ, ಕೇಬಲ್ಲು, ಎಣಿಕಿ, ಮೂರು ಸುತ್ತು.
ಆಚಿ ಬಾಜು ಹಗಲು ಪಾಳಿಯ ಜೀಪಿನಾಗ ದಾವಲಸಾಬ
ಹುಕ್ಕಿನ ಪಟ್ಟಿ ಬಿಗಿ ಮಾಡಕೊಳ್ಳಾಕತ್ತಿದ್ದ.

ಅರ್ಧ ಕಿಲೋ ಕೊಡು ಆಯೀ, ಅಂದೆ.
ಗಟ್ಟಿದು.