ನಾಲಗೆಗೆ ರಜೆ

ಮೂವತ್ತೊಂದು ವರ್ಷ ನನ್ನ ನಾಲಗೆ ಕಂಪನಿಯದು.
ಬೆಳ್ಳುಳ್ಳಿ ಶನಿವಾರ ರಾತ್ರಿ ಮಾತ್ರ,
ವೀಳ್ಯ ಇಲ್ಲ, ಅತ್ತರು ಇಲ್ಲ,
ಮದುವೆ ಮನೆಯ ಪಂದಿಕರಿಯೂ
ಸೋಮವಾರದ ನೆನಪಾಗಿ ಅರ್ಧ ತುತ್ತು.
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜು,
ದಿನಕ್ಕೆ ನಲವತ್ತು ಬಟ್ಟಲು,
ಸುರ್ರೆಂದು ಎಳೆದು, ಹೊರಳಿಸಿ, ಉಗಿದು
ಬರೆದಿಟ್ಟೆ: ಹುಳಿ, ಮೈ, ಕೊನೆಯ ರುಚಿ.
ನುಂಗಿದ್ದು ಕಡಿಮೆ.

ನಿವೃತ್ತಿಯ ಮೂರನೇ ವಾರ, ಪಾಲಿಬೆಟ್ಟ,
ತಮ್ಮನ ಕಾಫಿಕಣದ ಕಟ್ಟೆ.
ಸುಬೇದಾರ್ ಮೊಣ್ಣಪ್ಪ ಕರ್ಚೀಫು ಬಿಚ್ಚಿದ:
ಎರಡು ಚುಟ್ಟ. ಅಲ್ಲ,
ಸಿಗಾರು ಅನ್ನಬೇಕಂತೆ.
"ಒಂದಕ್ಕೆ ಇನ್ನೂರ ಎಂಬತ್ತು, ಬೋಜಮ್ಮ.
ಇದರ ದೊಡ್ಡಪ್ಪನಿಗೆ ಎರಡು ಸಾವಿರ ಕೇಳ್ತಾರೆ,
ಹೊಗೆ ಅದೇ ಮೇಲಕ್ಕೇ ಹೋಗೋದು."

ಹೊರಗಿನ ಎಲೆ ಕಪ್ಪು,
ಎಣ್ಣೆ ಕುಡಿದ ಬೀಟೆಮರದ ಕಪ್ಪು,
ನರ ಎದ್ದಿದೆ, ಒಂದು ಕಡೆ ಸುತ್ತು ಸ್ವಲ್ಪ ಸಡಿಲ.
ಹಚ್ಚುವ ಮೊದಲು ಮೂಸಿದೆ, ಅಭ್ಯಾಸ ಎಲ್ಲಿ ಹೋದೀತು?
ಒಣದ್ರಾಕ್ಷಿ, ದನದ ಕೊಟ್ಟಿಗೆ,
ಮಳೆಗಾಲ ಕಳೆದ ಮೇಲೆ ತೆರೆದ ಟ್ರಂಕು.

ಮೂರು ಕಡ್ಡಿ ಗೀರಿದ್ದಾಯಿತು.
"ಒಳಗೆ ಎಳೀಬೇಡ, ಬಾಯಲ್ಲಿ ಆಡಿಸಿ ಬಿಡು."
ಇದನ್ನು ನನಗೆ ಹೇಳುತ್ತಾನೆ!
ನುಂಗದಿದ್ದದ್ದಕ್ಕೇ ಸಂಬಳ ತೆಗೆದುಕೊಂಡವಳಿಗೆ.

ಮೊದಲು ಕರಿಮೆಣಸು, ನಾಲಗೆಯ ತುದಿಯಲ್ಲಿ.
ಮೂಗಿನಿಂದ ಒಂದಿಷ್ಟು ಬಿಟ್ಟಾಗ ಕಣ್ಣಲ್ಲಿ ನೀರು.
ಆಮೇಲೆ, ಅವಸರವಿಲ್ಲದೆ, ತಳ ಹಿಡಿದ ಬೆಲ್ಲದ ಪಾಕ.

ಜೊತೆಗೇನು? ಮೊಣ್ಣಪ್ಪನ ಆಣೆ ಕ್ಯಾಂಟೀನಿನ ರಮ್ಮಿನ ಮೇಲೆ.
ಆಗಲಿಲ್ಲ. ಎರಡು ಸಿಹಿ
ಬಸ್ಸಿನ ಒಂದೇ ಸೀಟಿನಲ್ಲಿ ಮೊಣಕೈ ಮೊಣಕೈ ನೂಕಿದವು.
ಕಿತ್ತಳೆಯ ತೊಳೆ? ಬಾಯೆಲ್ಲ ತಗಡು.
ಒಲೆಯ ಮೇಲೆ ತೂಗಿಬಿಟ್ಟ ಒಣಮಾಂಸದ ಚೂರು?
ಹೊಗೆಗೆ ಹೊಗೆ ನೆಂಟ ನಿಜ,
ಊಟ ಮುಗಿದರೂ ಏಳದ ನೆಂಟ.
ನಾದಿನಿ ತಂದಿಟ್ಟಳು, ಯಾರೂ ಕೇಳದೆ,
ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಪಿ,
ತೆಳ್ಳಗೆ, ರೊಬಸ್ಟಾ,
ನಾನು ಜನ್ಮವಿಡೀ ಕೀಳಾಗಿ ಕಂಡದ್ದು.
ಒಂದು ಗುಟುಕು, ಒಂದು ದಮ್ಮು:
ಕದಕ್ಕೆ ಅಗುಳಿ ಬಿದ್ದ ಹಾಗೆ.

"ಎಲೇನ ರಾಶಿ ಹಾಕಿ ಬೆವರಿಸ್ತಾರೆ," ಅಂದ ಮೊಣ್ಣಪ್ಪ,
"ಬಿಸಿ ಏರಿದರೆ ಒಡೆದು, ಮಗುಚಿ, ಮತ್ತೆ ರಾಶಿ.
ತಿಂಗಳುಗಟ್ಟಲೆ. ಹಾಗೇ ಕಪ್ಪಾಗೋದು."
ಕೊಳೆಯುವುದಕ್ಕೂ ಕಳಿಯುವುದಕ್ಕೂ
ನಡುವೆ ಒಂದು ಕೊಂಬು, ಒಂದು ಗುಡಿಸು.
ಅದನ್ನು ಕಾಯುವ ಕೆಲಸ ನನ್ನದಾಗಿತ್ತು.

ಲಾಟ್ ಇನ್ನೂರ ಹದಿನೇಳು.
ಅಮ್ಮತ್ತಿಯ ಚಿಟ್ಟಿಯಪ್ಪನದು, ಎಂಟು ಮೂಟೆ.
ಹಣ್ಣನ್ನು ಬೇಕೆಂದೇ ರಾಶಿಯಲ್ಲಿ ಬಿಟ್ಟಿದ್ದನಂತೆ,
ರಾತ್ರಿ ಎದ್ದು ಎದ್ದು ಕೈಯಿಟ್ಟು ನೋಡಿ.
ಒಣದ್ರಾಕ್ಷಿ, ಕೊಟ್ಟಿಗೆ, ಸುಟ್ಟ ಬೆಲ್ಲ.
ಕೆಂಪು ಶಾಯಿಯಲ್ಲಿ ಬರೆದೆ:
ಹುದುಗಿದ ವಾಸನೆ. ದೋಷ.
ಮೂಟೆಗಳು ಕೊನೆಯ ದರ್ಜೆಗೆ ಹೋದವು.
ಬಂದು ನಿಂತ. "ಚೆನ್ನಾಗಿಲ್ಲವಾ, ಮೇಡಂ?"
"ಚೆನ್ನಾಗಿರೋದು ಬೇರೆ, ಸರಿಯಿರೋದು ಬೇರೆ," ಅಂದೆ.
ಎಷ್ಟು ಸಲೀಸಾಗಿ ಅಂದೆ.
ಅವನು ಗೇಟು ದಾಟಿದ ಮೇಲೆ
ಮೇಜಿನ ಹತ್ತಿರ ಯಾರೂ ಇಲ್ಲದಾಗ
ಆ ಬಟ್ಟಲನ್ನು ಮಾತ್ರ ಪೂರ್ತಿ ಕುಡಿದೆ.

ಬೂದಿ ಒಂದು ಅಂಗುಲ ಬೆಳೆದಿದೆ, ಬೀಳುತ್ತಿಲ್ಲ.
ಕೊನೆಯ ಭಾಗಕ್ಕೆ ಬಂದಾಗ ಕಹಿ, ಬಿಸಿ;
ಅಗ್ಗದ್ದು ಅಲ್ಲಿ ಸಿಕ್ಕಿಬೀಳುತ್ತದೆ.
"ನೂರಕ್ಕೆ ಎಷ್ಟು?" ಮೊಣ್ಣಪ್ಪ ಪೆನ್ನು ಹಿಡಿದವನ ಹಾಗೆ ಕೇಳಿದ.
ಕೈ ಜೇಬು ಹುಡುಕಿತು. ಸೀರೆಗೆ ಜೇಬಿಲ್ಲ,
ಬಿಳಿ ಕೋಟು ಕಂಪನಿಗೆ ವಾಪಸಾಗಿದೆ.

ಇನ್ನೊಂದನ್ನು ಹಚ್ಚಬೇಡ ಅಂದೆ, ಕರ್ಚೀಫಿನಲ್ಲೇ ಇರಲಿ.
ನಾಳೆ ಬೆಳಿಗ್ಗೆ ಅಮ್ಮತ್ತಿಗೆ ಬಸ್ಸು ಎಷ್ಟಕ್ಕೆ?
ಚಿಟ್ಟಿಯಪ್ಪ ಸೇದುತ್ತಾನೋ ಇಲ್ಲವೋ
ನನಗೆ ಗೊತ್ತಿಲ್ಲ.